ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಕಣ್ಣು ಮಂದವಾದ ನಾಯಿಗೆ ಮನೆ ಕೊಡುವಾಗ

ದೃಷ್ಟಿ ಕುಂದಿದ ನಾಯಿಯನ್ನು ಆಶ್ರಯಧಾಮದಿಂದ ದತ್ತು ತರುವ ಬಗ್ಗೆ ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಜಿಲ್ಲೆಗಳ ಓದುಗರು ಬರೆದ ಪತ್ರಗಳಲ್ಲಿ ಆಯ್ದ ಕೆಲವಕ್ಕೆ ಈ ಸಲ ಉತ್ತರ.

ಪ್ರಶ್ನೆ: ಆಶ್ರಯಧಾಮದಲ್ಲಿ ಮೂರು ವರ್ಷದ ನಾಟಿ ಹೆಣ್ಣುನಾಯಿಯೊಂದನ್ನು ನೋಡಿ ಬಂದೆವು. ‘ಅರ್ಧಂಬರ್ಧ ಕಾಣುತ್ತೆ’ ಅಂತ ಅಲ್ಲಿಯವರು ಹೇಳಿದರು. ಆದರೆ ಗೂಡಿನೊಳಗೆ ಎಲ್ಲೂ ತಗಲದೆ ಓಡಾಡುತ್ತಿತ್ತು. ನಿಜಕ್ಕೂ ಎಷ್ಟು ಕಾಣುತ್ತದೆ ಎಂದು ನಾವೇ ತಿಳಿಯುವುದು ಹೇಗೆ? ತರುವ ಮೊದಲು ಏನೇನು ವಿಚಾರಿಸಬೇಕು?
— ಗೃಹಿಣಿ, ಚಿಂತಾಮಣಿ

ಉತ್ತರ: ಗೂಡಿನೊಳಗಿನ ಓಡಾಟವನ್ನು ಲೆಕ್ಕಕ್ಕೆ ಹಿಡಿಯಬೇಡಿ. ತಿಂಗಳುಗಟ್ಟಲೆ ಇದ್ದ ಜಾಗದಲ್ಲಿ ಪೂರ್ತಿ ಕುರುಡಾದ ನಾಯಿಯೂ ನೀರಿನ ಬಟ್ಟಲಿಗೆ ನೆಟ್ಟಗೆ ಹೋಗುತ್ತದೆ. ಅದನ್ನು ನಡೆಸುವುದು ಹೆಜ್ಜೆಯ ನೆನಪು. ಆದ್ದರಿಂದ ಅದು ಹಿಂದೆಂದೂ ಕಾಲಿಡದ ಅಂಗಳಕ್ಕೋ ಕೋಣೆಗೋ ಕರೆತರಲು ಕೇಳಿಕೊಳ್ಳಿ. ಬಕೆಟ್ಟು, ಪ್ಲಾಸ್ಟಿಕ್ ಕುರ್ಚಿ, ಮಡಿಸಿದ ಗೋಣಿಚೀಲ ಹೀಗೆ ಐದಾರು ವಸ್ತುಗಳನ್ನು ಮೂರು ನಾಲ್ಕು ಅಡಿಗೊಂದರಂತೆ ಅಡ್ಡಾದಿಡ್ಡಿ ಇಡಿ. ಒಂದು ತುದಿಯಲ್ಲಿ ನಾಯಿಯನ್ನು ಬಿಟ್ಟು, ಇನ್ನೊಂದು ತುದಿಯಲ್ಲಿ ನೀವು ಸುಮ್ಮನೆ ನಿಲ್ಲಿ. ಹೆಸರು ಹಿಡಿದು ಕರೆದರೆ, ಚಪ್ಪಾಳೆ ತಟ್ಟಿದರೆ ಪರೀಕ್ಷೆ ಕೆಡುತ್ತದೆ. ಆಗ ನೀವು ಅಳೆಯುವುದು ಕಿವಿಯನ್ನು. ಇದನ್ನೇ ಹಗಲಲ್ಲಿ ಒಮ್ಮೆ, ವಸ್ತುಗಳ ಜಾಗ ಬದಲಿಸಿ ಮುಚ್ಚಂಜೆಯಲ್ಲಿ ಒಮ್ಮೆ ಮಾಡಿ. ಹಗಲಲ್ಲಿ ಸಲೀಸಾಗಿ ಬಂದು ಮುಚ್ಚಂಜೆಯಲ್ಲಿ ಎಡವಿದರೆ ಕಣ್ಣಿನ ಹಿಂಪರದೆ, ಅಂದರೆ ರೆಟಿನಾ, ಸವೆಯುತ್ತಿರುವ ಶಂಕೆ ಬರುತ್ತದೆ. ಬಿಸಿಲಲ್ಲಿ ತಡವರಿಸಿ ಮಬ್ಬು ಬೆಳಕಿನಲ್ಲಿ ಚುರುಕಾದರೆ ಪೊರೆ ಇರಬಹುದು. ಬೆಳಕು ಕಡಿಮೆಯಾದಾಗ ಪಾಪೆ ಅಗಲವಾಗುತ್ತದೆ, ಪೊರೆಯ ಅಂಚಿನಿಂದ ಒಂದಿಷ್ಟು ಕಾಣುತ್ತದೆ.

ಎರಡನೆಯ ಪರೀಕ್ಷೆ ಹತ್ತಿಯದು. ಒಂದು ಹತ್ತಿ ಉಂಡೆಯನ್ನು ನಾಯಿಯ ಮುಖದ ಮುಂದೆ, ಎರಡಡಿ ಮೇಲಿನಿಂದ ಬೀಳಬಿಡಿ. ಅದು ಸದ್ದಿಲ್ಲದೆ ಬೀಳುತ್ತದೆ, ವಾಸನೆಯೂ ಇಲ್ಲ. ಕಣ್ಣೋ ಕತ್ತೋ ಅದರ ಹಿಂದೆ ಹೋದರೆ ಕಾಣುತ್ತಿದೆ ಎಂದರ್ಥ. ಒಂದು ಕಣ್ಣನ್ನು ಅಂಗೈಯಿಂದ ಮರೆಮಾಡಿ ಇನ್ನೊಂದಕ್ಕೂ ಮಾಡಿ. ನಾಯಿಗೆ ಬೇಸರ ಬಂದರೂ ನೋಡುವುದಿಲ್ಲ, ಹಾಗಾಗಿ ಎರಡು ಮೂರು ಸಲ ಸಾಕು. ಕಣ್ಣಿನ ಮುಂದೆ ಕೈ ಬೀಸಿ ನೋಡುವುದು ಎಲ್ಲರ ರೂಢಿ. ಅದರಲ್ಲೊಂದು ಮೋಸವಿದೆ: ಬೀಸಿದ ಗಾಳಿ ಮೀಸೆಗೆ ತಾಗಿ, ಕಾಣದ ನಾಯಿಯೂ ರೆಪ್ಪೆ ಮಿಟುಕಿಸುತ್ತದೆ. ನಡುವೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಿಡಿದು ಬೀಸಿ. ಮೂರು ತಿಂಗಳೊಳಗಿನ ಮರಿಗಳಲ್ಲಿ ಈ ಮಿಟುಕು ಇನ್ನೂ ಬಂದಿರುವುದಿಲ್ಲ, ಅದನ್ನು ಕುರುಡು ಎಂದುಕೊಳ್ಳಬೇಡಿ. ಟಾರ್ಚ್ ಬಿಟ್ಟಾಗ ಪಾಪೆ ಕುಗ್ಗಿದ ಮಾತ್ರಕ್ಕೆ ಕಾಣುತ್ತದೆ ಎನ್ನುವಂತಿಲ್ಲ. ದಟ್ಟ ಪೊರೆಯಿದ್ದರೂ ಪಾಪೆ ಕುಗ್ಗುತ್ತದೆ.

ನಮ್ಮ ಅಭಿಪ್ರಾಯದಲ್ಲಿ ‘ಎಷ್ಟು ಕಾಣುತ್ತದೆ’ ಎಂಬುದಕ್ಕಿಂತ ‘ಏಕೆ ಕಾಣುತ್ತಿಲ್ಲ’ ಎಂಬ ಪ್ರಶ್ನೆ ದೊಡ್ಡದು. ದೃಷ್ಟಿ ಹೋದ ನಾಯಿ ಹಲವು ವರ್ಷ ಸುಖವಾಗಿ ಬಾಳಬಹುದು. ಆದರೆ ನೋಯುವ ಕಣ್ಣನ್ನು, ಒಳಗೇ ನಡೆಯುತ್ತಿರುವ ರೋಗವನ್ನು ಹಾಗೇ ಬಿಡುವಂತಿಲ್ಲ. ಏಳು ವರ್ಷ ದಾಟಿದ ನಾಯಿಯ ಕಣ್ಣು ನೀಲಿ ಬೂದಿಯ ಬಣ್ಣಕ್ಕೆ ತಿರುಗಿದ್ದರೆ ಅದು ಬಹುತೇಕ ವಯಸ್ಸಿನ ಮಂಕು, ದೃಷ್ಟಿಗೆ ಹೆಚ್ಚೇನೂ ಕುಂದಿಲ್ಲ. ಹಾಲಿನಂತೆ ಬಿಳಿಯಾಗಿದ್ದರೆ ಪೊರೆ. ಪೊರೆಯ ಜೊತೆಗೆ ದಿನಕ್ಕೆ ಕಿಲೋ ತೂಕಕ್ಕೆ 100 ಮಿ.ಲೀ.ಗಿಂತ ಹೆಚ್ಚು ನೀರು ಕುಡಿಯುತ್ತಿದ್ದರೆ ಸಕ್ಕರೆ ಕಾಯಿಲೆ ಇದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಿ. ನಾಯಿಗಳಲ್ಲಿ ಸಕ್ಕರೆ ಕಾಯಿಲೆ ಬಹುಬೇಗ ಪೊರೆ ತರುತ್ತದೆ. ಕೆಂಪು ಕಣ್ಣು, ಸದಾ ನೀರು, ಕಿರಿದಾಗಿಸಿಕೊಂಡ ರೆಪ್ಪೆ, ಮುಂಗಾಲಿನಿಂದ ಉಜ್ಜುವುದು, ಇವೆಲ್ಲ ನೋವಿನ ಗುರುತು. ಬೀದಿಯಿಂದ ಬಂದ ನಾಯಿಗಳಲ್ಲಿ ಉಣ್ಣೆ ಜ್ವರ ಕಣ್ಣಿನೊಳಗೆ ಉರಿಯೂತವನ್ನೋ ರಕ್ತಸ್ರಾವವನ್ನೋ ಉಂಟುಮಾಡಿರುವುದುಂಟು. ಅದಕ್ಕೆ ವೈದ್ಯರು ಬರೆಯುವ ಡಾಕ್ಸಿಸೈಕ್ಲಿನ್ ಮಾತ್ರೆ ಸಾಮಾನ್ಯವಾಗಿ 28 ದಿನದ್ದು. ವಾರಕ್ಕೇ ಚೇತರಿಸಿಕೊಂಡಿತೆಂದು ನಿಲ್ಲಿಸುವವರ ನಾಯಿಗೆ ರೋಗ ಮರಳುತ್ತದೆ. ಡಿಸ್ಟೆಂಪರ್ ಎಂಬ ವೈರಸ್ ಕಾಯಿಲೆ ಬಂದು ಬದುಕುಳಿದ ನಾಯಿಗಳಲ್ಲಿ ರೆಟಿನಾ ಮೇಲೆ ಕಲೆ ಉಳಿದಿರಬಹುದು, ಕಾಲು ಅದುರುವುದೂ ಇರಬಹುದು. ದನಕ್ಕೆಂದು ತಂದ ಐವರ್ಮೆಕ್ಟಿನ್ ಇಂಜೆಕ್ಷನ್ನನ್ನು ಕಜ್ಜಿಗೆಂದು ಅಂದಾಜಿನಲ್ಲಿ ಚುಚ್ಚಿ ನಾಯಿ ಕಣ್ಣು ಕಳೆದುಕೊಂಡ ಪ್ರಸಂಗಗಳೂ ಇವೆ. ಇದು ಹಲವು ಬಾರಿ ಮರಳಿ ಸರಿಹೋಗುವಂಥದ್ದು, ಆದ್ದರಿಂದ ಹಳೆಯ ಚಿಕಿತ್ಸೆಯ ವಿವರ ಕೇಳಿ.

ತರುವ ಮುನ್ನ ಕಣ್ಣಿಗೆ ಮೂರು ಪರೀಕ್ಷೆ ಆಗಿರಲಿ. ಮೊದಲನೆಯದು ಕಣ್ಣೀರಿನ ಕಾಗದಪಟ್ಟಿ: ಒಂದು ನಿಮಿಷದಲ್ಲಿ 15 ಮಿ.ಮೀ. ಅಥವಾ ಹೆಚ್ಚು ಒದ್ದೆಯಾಗಬೇಕು, 10ಕ್ಕಿಂತ ಕಡಿಮೆಯಾದರೆ ಒಣಗಣ್ಣು. ಎರಡನೆಯದು ಹಸಿರು ಬಣ್ಣದ ಫ್ಲೋರೆಸಿನ್, ಇದು ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪರದೆಯ, ಮೇಲಿನ ಹುಣ್ಣನ್ನು ತೋರಿಸುತ್ತದೆ. ಮೂರನೆಯದು ಕಣ್ಣಿನ ಒತ್ತಡ: ಸುಮಾರು 10ರಿಂದ 25 ಮಿ.ಮೀ. ಪಾದರಸದವರೆಗೆ ಸರಿ, ಅದಕ್ಕಿಂತ ಹೆಚ್ಚಿದ್ದರೆ ಗ್ಲಾಕೋಮಾ ಶಂಕೆ. ಒತ್ತಡ ಅಳೆಯುವ ಉಪಕರಣ ತಾಲ್ಲೂಕು ಪಶು ಆಸ್ಪತ್ರೆಗಳಲ್ಲಿ ಸಿಗುವುದು ಕಷ್ಟ. ಅಲ್ಲಿನ ವೈದ್ಯರಿಂದ ಚೀಟಿ ಬರೆಸಿಕೊಂಡು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಪಶು ನೇತ್ರತಜ್ಞರಿಗೋ ಮೊದಲು ಫೋನು ಮಾಡಿ ಹೋಗಿ.

ಇನ್ನೊಂದು ಮಾತು. ಕಿವಿಯ ತುದಿ ಕತ್ತರಿಸಿದ್ದರೆ ಸಂತಾನಹರಣ ಆಗಿದೆ, ಆ ಹೊತ್ತಿಗೆ ರೇಬೀಸ್ ಲಸಿಕೆ ಬಿದ್ದಿದೆ ಎಂದು ತಿಳಿಯಬಹುದು. ಆ ಲಸಿಕೆ ಇಂದಿಗೂ ಚಾಲ್ತಿಯಲ್ಲಿದೆ ಎಂದಲ್ಲ. ದಿನಾಂಕವಿರುವ ಲಸಿಕೆ ಪುಸ್ತಕ ಕೊಡದಿದ್ದರೆ ಹೊಸದಾಗಿ ಹಾಕಿಸಿ.

ಪ್ರಶ್ನೆ: ಮುಂದಿನ ವಾರ ನಾಯಿ ಮನೆಗೆ ಬರುತ್ತದೆ. ಎಡಗಣ್ಣು ಇಲ್ಲ, ಬಲಗಣ್ಣಲ್ಲಿ ನೆರಳು ಬೆಳಕಷ್ಟೇ. ನಮ್ಮದು ಹಜಾರ, ಎರಡು ಕೋಣೆ, ಹೊರಗಿನಿಂದ ಮಹಡಿ ಮೆಟ್ಟಿಲು ಇರುವ ಮನೆ. ಮನೆ ಹೇಗೆ ಸಜ್ಜು ಮಾಡಬೇಕು? ಮೊದಲ ದಿನಗಳಲ್ಲಿ ಏನು ಮಾಡಬೇಕು?
— ಕೋಲಾರದ ದಂಪತಿ

ಉತ್ತರ: ನಿಮ್ಮ ಮನೆಯಲ್ಲಿ ಮೊದಲು ನೋಡಬೇಕಾದದ್ದು ಆ ಹೊರಗಿನ ಮೆಟ್ಟಿಲು. ನಮ್ಮ ಕಡೆಯ ಬಹಳಷ್ಟು ಮನೆಗಳಲ್ಲಿ ಅದಕ್ಕೆ ಒಂದು ಬದಿ ಗೋಡೆ, ಇನ್ನೊಂದು ಬದಿ ಬಯಲು. ಕೆಳಗೂ ಮೇಲೂ ಮೂರಡಿ ಎತ್ತರದ ಗೇಟು ಹಾಕಿಸಿ, ಸರಳುಗಳ ನಡುವೆ ನಾಲ್ಕು ಇಂಚಿಗಿಂತ ಹೆಚ್ಚು ಸಂದು ಬೇಡ. ಸಂಪಿನ ಮುಚ್ಚಳ ನೀರು ಬಿಡುವ ದಿನ ತೆರೆದೇ ಇರುವುದು ಸಾಮಾನ್ಯ. ಅದರ ಬಾಯಿಗೆ ಕಬ್ಬಿಣದ ಜಾಲರಿ ಕೂರಿಸಿದರೆ ಮುಚ್ಚಳ ಮರೆತರೂ ಅನಾಹುತವಾಗದು. ಆಮೇಲೆ ನೀವು ನೆಲಕ್ಕೆ ಮಂಡಿಯೂರಿ, ನಾಯಿಯ ಕಣ್ಣಿನ ಎತ್ತರದಲ್ಲಿ ಮನೆಯೆಲ್ಲ ಸುತ್ತಿ. ಮಂಚದ ಮೂಲೆ, ಕಲ್ಲುಕಟ್ಟೆಯ ಅಂಚು, ಗ್ಯಾಸ್ ಸಿಲಿಂಡರಿನ ಬುಡ, ಹೊಲಿಗೆ ಮೆಷಿನ್ನಿನ ಕಬ್ಬಿಣದ ಕಾಲು ಎಲ್ಲ ಆಗ ಕಣ್ಣಿಗೆ ಬೀಳುತ್ತವೆ. ಎಸಿ ಪೈಪಿಗೆ ಸುತ್ತುವ ಕಪ್ಪು ಫೋಮ್ ಕೊಳವೆಯನ್ನು ಉದ್ದಕ್ಕೆ ಸೀಳಿ ಅಂಚುಗಳಿಗೆ ತೊಡಿಸಿದರೆ ಸಾಕು, ಹಳೆಯ ಸೈಕಲ್ ಟ್ಯೂಬೂ ಆಗುತ್ತದೆ. ಬೈಕು ಮನೆಯೊಳಗೋ ಜಗಲಿಯಲ್ಲೋ ನಿಲ್ಲಿಸುವ ಅಭ್ಯಾಸವಿದ್ದರೆ ಬಿಡಬೇಕು. ಈಗಷ್ಟೇ ಬಂದ ಬೈಕಿನ ಸೈಲೆನ್ಸರಿಗೆ ಮೂಗು ತಾಗಿಸುವ ನಾಯಿಗೆ ಅದು ಕೆಂಡವೆಂದು ತಾಗಿದ ಮೇಲಷ್ಟೇ ತಿಳಿಯುತ್ತದೆ. ಹಂಡೆ ಒಲೆಯ ಬಾಯಿಗೆ, ತುಳಸಿಕಟ್ಟೆಯ ದೀಪಕ್ಕೂ ಇದೇ ಎಚ್ಚರ.

ನಾಯಿ ಮನೆಯ ನಕ್ಷೆಯನ್ನು ಅಂಗಾಲು, ಮೂಗು, ಕಿವಿ ಮೂರರಿಂದ ಕಟ್ಟಿಕೊಳ್ಳುತ್ತದೆ. ಅಂಗಾಲಿಗೆ ತೆಂಗಿನ ನಾರಿನ ಮ್ಯಾಟು ಒಳ್ಳೆಯ ಗುರುತು. ಗ್ರಾನೈಟಿನ ಮೇಲೆ ನಡೆದು ಬಂದ ಪಾದಕ್ಕೆ ಅದು ತಕ್ಷಣ ಬೇರೆಯಾಗಿ ತಿಳಿಯುತ್ತದೆ. ಆದರೆ ಮ್ಯಾಟನ್ನು ಅಪಾಯದ ಅಂಚಿಗೇ ಹಾಸಬಾರದು. ಮೆಟ್ಟಿಲಿಗೋ ಬಾಗಿಲಿಗೋ ಎರಡಡಿ ಮುಂಚೆ ಶುರುವಾಗಬೇಕು, ನಡೆಯುತ್ತಿರುವ ನಾಯಿಗೆ ನಿಲ್ಲಲು ಅಷ್ಟು ದೂರ ಬೇಕು. ಅಪಾಯವಿಲ್ಲದ ಕಡೆಯೆಲ್ಲ ಅದೇ ಮ್ಯಾಟು ಹಾಸಿದರೆ ಗುರುತು ಸತ್ತುಹೋಗುತ್ತದೆ. ನಾರಿನ ಮ್ಯಾಟು ‘ನಿಲ್ಲು’ ಎಂಬುದಕ್ಕೆ ಮಾತ್ರ ಇರಲಿ, ಓಡಾಡುವ ದಾರಿಗೆ ಜಮಖಾನೆಯೋ ಹೊಲಿದ ಗೋಣಿಯೋ ಹಾಸಿ; ನುಣುಪು ಟೈಲ್ಸಿನ ಮೇಲೆ ಜಾರಿದ ನಾಯಿ ಮತ್ತೆ ಆ ಕೋಣೆಗೆ ಕಾಲಿಡಲು ಹಿಂಜರಿಯುತ್ತದೆ.

ಮೂಗಿಗೆ ನೀರಿನ ಜಾಗದ ಮೇಲ್ಗಡೆ, ಬಾಯಿಗೆ ಎಟುಕದ ಎತ್ತರದಲ್ಲಿ, ಒಂದು ಹಿಡಿ ಲಾವಂಚದ ಬೇರು ಕಟ್ಟಿ. ಸುವಾಸನೆ ಸೌಮ್ಯವಾಗಿರಬೇಕು. ಕರ್ಪೂರ, ನುಸಿಗುಳಿಗೆ ನಾಯಿಗೆ ವಿಷ, ಅವನ್ನು ಗುರುತಿಗೆ ಬಳಸಬೇಡಿ. ನೆಲ ಒರೆಸುವ ನೀರಿಗೆ ದಿನವೂ ಫಿನೈಲು ಸುರಿದರೆ ನಾಯಿ ಬಿಟ್ಟುಕೊಂಡ ವಾಸನೆಯ ಜಾಡು ಅಳಿಸಿಹೋಗುತ್ತದೆ. ಮೊದಲ ತಿಂಗಳು ಬರೀ ನೀರಿನಲ್ಲಿ ಒರೆಸಿ. ಕಿವಿಗೆ ಗಡಿಯಾರದ ಟಿಕ್ ಟಿಕ್, ಮಡಕೆಯಿಂದ ತೊಟ್ಟಿಕ್ಕುವ ನೀರು ಇಂಥ ಒಂದೇ ಕಡೆಯ ಸದ್ದು ಸಹಾಯ. ಇಡೀ ದಿನ ಟಿ.ವಿ. ಜೋರಾಗಿದ್ದರೆ ಅದಕ್ಕೆ ದಿಕ್ಕು ಹೊಳೆಯುವುದಿಲ್ಲ. ನೀರಿಗೆ ಹಗುರದ ಸ್ಟೀಲ್ ಬಟ್ಟಲಿಗಿಂತ ಕಲ್ಲಿನ ಮರಿಗೆ ಒಳ್ಳೆಯದು. ತಳ್ಳಿದರೂ ಜಾಗ ಬಿಡದು, ನೀರೂ ತಂಪಾಗಿರುತ್ತದೆ.

ಆಶ್ರಯಧಾಮದಿಂದ ಬರುವಾಗ ಅದು ಮಲಗುತ್ತಿದ್ದ ಗೋಣಿಚೀಲವನ್ನು ಒಗೆಯದೆ ಹಾಗೇ ಕೇಳಿ ತನ್ನಿ. ಹೊಸ ಮನೆಯಲ್ಲಿ ಪರಿಚಿತವಾದದ್ದು ಅದೊಂದೇ. ಪ್ರಯಾಣಕ್ಕೆ ನಾಲ್ಕು ಗಂಟೆ ಮುಂಚೆ ಊಟ ಬೇಡ. ಕೊರಳ ಬೆಲ್ಟು, ಎದೆಪಟ್ಟಿ (ಅಂಗಡಿಯಲ್ಲಿ ಹಾರ್ನೆಸ್ ಎಂದರೆ ಕೊಡುತ್ತಾರೆ) ಎರಡಕ್ಕೂ ಬೇರೆ ಬೇರೆ ಹಗ್ಗ ಕಟ್ಟಿ, ಕಾರಿನ ಬಾಗಿಲು ತೆರೆಯುವ ಮೊದಲೇ ಹಗ್ಗ ಕೈಲಿರಲಿ. ಬಿಡಿಸಿಕೊಂಡು ಓಡಿದ ಕುರುಡು ನಾಯಿ ಹೆದ್ದಾರಿಯ ಪಕ್ಕದಲ್ಲಿ ಸಿಕ್ಕಿದ ಕಡೆ ಓಡುತ್ತದೆ, ಹಿಡಿಯುವುದು ಬಹಳ ಕಷ್ಟ.

ಮೊದಲ ಮೂರು ದಿನ ಒಂದೇ ಕೋಣೆ. ಹಾಸಿಗೆ ಒಂದು ಮೂಲೆ, ನೀರು ಇನ್ನೊಂದು ಮೂಲೆ. ಹಗ್ಗ ಹಿಡಿದು ಹಾಸಿಗೆಯಿಂದ ನೀರಿಗೆ, ನೀರಿನಿಂದ ಬಾಗಿಲಿಗೆ, ಬಾಗಿಲಿನಿಂದ ಹಾಸಿಗೆಗೆ ಒಂದು ಹೊತ್ತಿಗೆ ನಾಲ್ಕೈದು ಸುತ್ತು ನಡೆಸಿ. ಪ್ರತಿ ಸುತ್ತೂ ಹಾಸಿಗೆಯಿಂದಲೇ ಶುರುವಾಗಲಿ. ಮೂರು ನಾಲ್ಕು ಗಂಟೆಗೊಮ್ಮೆ ಒಂದೇ ದಾರಿಯಲ್ಲಿ ಹೊರಗೆ ಕರೆದೊಯ್ದು ಅದೇ ಜಾಗದಲ್ಲಿ ನಿಲ್ಲಿಸಿ. ನಾಲ್ಕನೆಯ ದಿನದಿಂದ ಹಜಾರ, ಎರಡನೆಯ ವಾರದಿಂದ ಅಂಗಳ. ತಲೆ ಬಗ್ಗಿಸಿ ಹೆಜ್ಜೆ ಎತ್ತಿಡುತ್ತಿದ್ದದ್ದು ಬಾಲ ಸಡಿಲಿಸಿ ನಡೆಯತೊಡಗಿದರೆ ಆ ಕೋಣೆ ಅದಕ್ಕೆ ಬಂತು ಎಂದುಕೊಂಡು ಮುಂದಿನದಕ್ಕೆ ಹೋಗಿ. ದಿನದ ಲೆಕ್ಕಕ್ಕಿಂತ ಈ ಗುರುತೇ ಮುಖ್ಯ.

ಕನಿಕರದಿಂದ ಎತ್ತಿಕೊಂಡು ಓಡಾಡುವುದು ಈ ಹಂತದ ದೊಡ್ಡ ತಪ್ಪು. ಎತ್ತಿದಾಗ ಹೆಜ್ಜೆಯ ಲೆಕ್ಕ ಕಡಿಯುತ್ತದೆ, ಇಳಿಸಿದಾಗ ಎಲ್ಲಿದ್ದೇನೆಂದು ತಿಳಿಯದೆ ಸುತ್ತತೊಡಗುತ್ತದೆ. ಎತ್ತಲೇಬೇಕಾದರೆ ಹಾಸಿಗೆಯ ಮೇಲೋ ನೀರಿನ ಬಳಿಯೋ ಇಳಿಸಿ. ಹಬ್ಬಕ್ಕೆಂದು ಮಂಚ ಸರಿಸಿದ್ದು, ನೆಂಟರು ಬಂದಾಗ ದಾರಿಯಲ್ಲಿ ಬಿಟ್ಟ ಕುರ್ಚಿ, ಚಪ್ಪಲಿ ರಾಶಿ, ಇವು ಹೊಸ ಗೋಡೆ ಎದ್ದಂತೆ. ಸರಿಸಿದರೆ ಮತ್ತೆ ಹಗ್ಗ ಹಿಡಿದು ಎರಡು ಸುತ್ತು ತೋರಿಸಿ.

ಮಾತು ಕಡಿಮೆ ಇರಲಿ, ಒಂದೇ ಇರಲಿ. ‘ನಿಲ್ಲು’, ‘ಹತ್ತು’, ‘ಇಳಿ’, ‘ಬಾ’, ‘ನೀರು’ ಐದು ಸಾಕು. ಕೋಲಾರದ ಮನೆಗಳಲ್ಲಿ ಅಜ್ಜಿ ‘ಬಾ’ ಎಂದರೆ, ಪಕ್ಕದವರು ತೆಲುಗಿನಲ್ಲಿ ‘ರಾ’ ಎಂದರೆ, ಮಕ್ಕಳು ‘ಕಮ್’ ಎಂದರೆ ನಾಯಿಗೆ ಅದು ಮೂರು ಕೆಲಸ. ಯಾವುದಾದರೂ ಒಂದನ್ನು ಆರಿಸಿ ಗೋಡೆಗೆ ಬರೆದು ಅಂಟಿಸಿ, ಎಲ್ಲರೂ ಅದನ್ನೇ ಹೇಳಲಿ. ಮೆಟ್ಟಿಲು ಕಲಿಸುವಾಗ ಹತ್ತಲು ಕೆಳಗಿನ ಒಂದೇ ಮೆಟ್ಟಿಲಿನಿಂದ ಶುರು ಮಾಡಿ: ಮೆಟ್ಟಿಲನ್ನು ಕೈಯಿಂದ ತಟ್ಟಿ, ‘ಹತ್ತು’ ಎಂದು, ತಿನಿಸನ್ನು ಮೂಗಿನ ಮುಂದೆ ಮೇಲಕ್ಕೊಯ್ಯಿರಿ. ಇಳಿಯುವುದೂ ಕೆಳಗಿನ ಕೊನೆಯ ಮೆಟ್ಟಿಲಿನಿಂದಲೇ. ಅದು ಬಂದ ಮೇಲೆ ಕೆಳಗಿನಿಂದ ಎರಡನೆಯದು, ಮೂರನೆಯದು. ಮೇಲಿನಿಂದ ಒಮ್ಮೆಲೇ ಇಳಿಸಲು ಹೋದರೆ ಹೆದರಿ ಹಾರುತ್ತದೆ.

ಬಲಗಣ್ಣಿನಲ್ಲಿ ಉಳಿದಿರುವ ದೃಷ್ಟಿಯನ್ನೂ ಬಳಸಿಕೊಳ್ಳಿ. ನಾಯಿಗೆ ನೀಲಿ ಮತ್ತು ಹಳದಿ ಬೇರೆ ಬೇರೆಯಾಗಿ ಕಾಣುತ್ತವೆ, ಕೆಂಪು ಹಸಿರು ಒಂದೇ ಕಂದು ಬಣ್ಣವಾಗಿ ಬೆರೆತುಹೋಗುತ್ತವೆ. ಕೆಂಪು ಗಾರೆ ನೆಲದ ಮೇಲೆ ಕೆಂಪು ಚೆಂಡು ಎಸೆದರೆ ಅದಕ್ಕೆ ಏನೂ ಇಲ್ಲದಂತೆ. ಮೆಟ್ಟಿಲ ಅಂಚಿಗೆ ಎರಡು ಇಂಚು ಹಳದಿ ಬಣ್ಣ ಬಳಿಯಿರಿ, ರಾತ್ರಿ ದಾರಿಯಲ್ಲಿ ಒಂದು ಸಣ್ಣ ಬಲ್ಬು ಉರಿಯಲಿ. ಎಡಗಣ್ಣು ಇಲ್ಲವಾದ್ದರಿಂದ ನೀವು ಬಲಗಡೆಯಿಂದಲೇ ಹತ್ತಿರ ಹೋಗಿ, ನಡೆಸುವಾಗ ಎಡಗಡೆ ನಿಂತುಕೊಳ್ಳಿ; ಕಾಣದ ಬದಿಗೆ ನೀವೇ ಗೋಡೆಯಾಗುತ್ತೀರಿ.

ಪ್ರಶ್ನೆ: ಕಣ್ಣಿನಿಂದ ಪಿಸುರು ಬರುತ್ತಿದೆ. ಮೆಡಿಕಲ್ ಶಾಪಿನಲ್ಲಿ ಕಣ್ಣಿನ ಹನಿ ಕೊಟ್ಟರು. ನೆರೆಯವರು ನಂದಿಬಟ್ಟಲು ಹೂವಿನ ರಸ ಹಿಂಡಿ ಎನ್ನುತ್ತಾರೆ. ಯಾವುದು ಸರಿ?
— ಮಧುಗಿರಿಯ ಓದುಗರು

ಉತ್ತರ: ಎರಡೂ ಬೇಡ. ಮೆಡಿಕಲ್ ಶಾಪಿನ ಹಲವು ಹನಿಗಳಲ್ಲಿ ಆಂಟಿಬಯೋಟಿಕ್ ಜೊತೆ ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೋಲೋನ್‌ನಂಥ ಸ್ಟೀರಾಯ್ಡ್ ಸೇರಿರುತ್ತದೆ. ಹಾಕಿದ ಮರುದಿನ ಕೆಂಪು ಇಳಿದು ವಾಸಿಯಾದಂತೆ ಕಾಣುತ್ತದೆ. ಕಾರ್ನಿಯಾ ಮೇಲೆ ಹುಣ್ಣಿದ್ದರೆ ಅದೇ ಸ್ಟೀರಾಯ್ಡ್ ಗಾಯ ಕೂಡದಂತೆ ತಡೆಯುತ್ತದೆ, ಕಾರ್ನಿಯಾ ಕರಗಿ ತೂತಾಗಬಹುದು. ಅಲ್ಪಸ್ವಲ್ಪ ಕಾಣುವ ಕಣ್ಣು ಹೀಗೆ ಪೂರ್ತಿ ಹೋಗುತ್ತದೆ. ಆದ್ದರಿಂದ ಹಸಿರು ಬಣ್ಣದ ಪರೀಕ್ಷೆ ಆಗದೆ ಸ್ಟೀರಾಯ್ಡ್ ಹನಿ ಮುಟ್ಟಬೇಡಿ. ಹೂವಿನ ರಸ, ಹರಳೆಣ್ಣೆ, ಜೇನು, ಹಾಲು ಯಾವುದೂ ಶುದ್ಧೀಕರಿಸಿದ್ದಲ್ಲ, ಹುಣ್ಣಿಗೆ ಸೋಂಕು ಸೇರಿಸುತ್ತವೆ. ವೈದ್ಯರ ಬಳಿ ಹೋಗುವವರೆಗೆ ನೀವು ಮಾಡಬಹುದಾದದ್ದು ಒಂದೇ: ಕುದಿಸಿ ಆರಿಸಿದ ನೀರು ಅಥವಾ ನಾರ್ಮಲ್ ಸಲೈನಿನಲ್ಲಿ ಅದ್ದಿದ ಹತ್ತಿಯಿಂದ ಪಿಸುರು ನೆನೆಸಿ ಒರೆಸಿ, ಪ್ರತಿ ಕಣ್ಣಿಗೂ ಬೇರೆ ಹತ್ತಿ.

ಪಿಸುರು ಅಂಟಂಟಾಗಿ, ಕಣ್ಣು ಹೊಳಪಿಲ್ಲದೆ ಇದ್ದರೆ ಒಣಗಣ್ಣು ಇರಬಹುದು. ಪಗ್, ಶಿಟ್ಜೂ ತಳಿಗಳಲ್ಲಿ ಇದು ಹೆಚ್ಚು. ಅದಕ್ಕೆ ಸೈಕ್ಲೋಸ್ಪೋರಿನ್ ಅಥವಾ ಟ್ಯಾಕ್ರೋಲಿಮಸ್ ಮದ್ದು, ಸಾಮಾನ್ಯವಾಗಿ ದಿನಕ್ಕೆರಡು ಬಾರಿ, ಬಹುತೇಕ ಬದುಕಿರುವವರೆಗೆ. ದತ್ತು ತೆಗೆದುಕೊಳ್ಳುವ ಮೊದಲೇ ಈ ಖರ್ಚು ಲೆಕ್ಕಹಾಕಿ.

ಹನಿ ಹಾಕುವಾಗ ‘ಕಣ್ಣು’ ಎಂಬಂಥ ಒಂದು ಮಾತು ಮೊದಲು ಹೇಳಿ. ನಾಯಿಯ ಹಿಂದೆ ನಿಂತು, ಗದ್ದ ಮೇಲೆತ್ತಿ, ಮೇಲಿನ ರೆಪ್ಪೆ ಸರಿಸಿ ಒಂದೇ ಹನಿ. ಎರಡನೆಯ ಹನಿ ಕೆನ್ನೆಗೆ ಹರಿದುಹೋಗುತ್ತದೆ, ಅಷ್ಟೇ. ಎರಡು ಬಗೆಯ ಮದ್ದಿದ್ದರೆ ನಡುವೆ ಐದು ನಿಮಿಷ ಬಿಡಿ, ಮುಲಾಮು ಕೊನೆಗೆ. ಸೀಸೆಯ ಮೂತಿ ರೆಪ್ಪೆಗೆ ತಾಗಬಾರದು. ತೆರೆದ ಸೀಸೆಯನ್ನು ಸಾಮಾನ್ಯವಾಗಿ ತಿಂಗಳಾದ ಮೇಲೆ ಬಳಸಬಾರದು, ತೆರೆದ ದಿನಾಂಕವನ್ನು ಅದರ ಮೇಲೆಯೇ ಬರೆಯಿರಿ. ಉಜ್ಜದಿರಲೆಂದು ಕೊರಳಿಗೆ ಪ್ಲಾಸ್ಟಿಕ್ ಬುಟ್ಟಿ ಹಾಕಿದಾಗ ಮೀಸೆಗೂ ಕಿವಿಗೂ ತಡೆಯಾಗಿ ನಾಯಿ ಗಲಿಬಿಲಿಗೊಳ್ಳುತ್ತದೆ. ಆ ದಿನಗಳಲ್ಲಿ ಮತ್ತೆ ಒಂದೇ ಕೋಣೆಗೆ ಸೀಮಿತ ಮಾಡಿ, ಊಟದ ಹೊತ್ತಿಗೆ ಎದುರಿಗೆ ಕುಳಿತು ಬುಟ್ಟಿ ತೆಗೆಯಿರಿ.

ಪ್ರಶ್ನೆ: ತೋಟದ ಮನೆಯಲ್ಲಿದ್ದೇವೆ. ಮೂರು ಎಕರೆ ದ್ರಾಕ್ಷಿ, ಒಂದೂವರೆ ಎಕರೆ ಹಿಪ್ಪುನೇರಳೆ, ಕೃಷಿ ಹೊಂಡ ಇದೆ. ಇಂಥ ಕಡೆ ಕಣ್ಣು ಕಾಣದ ನಾಯಿ ಸಾಕಬಹುದೇ?
— ರೈತರು, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ಸಾಕಬಹುದು, ಆದರೆ ಬಿಟ್ಟು ಸಾಕುವಂತಿಲ್ಲ. ಮನೆಯ ಸುತ್ತ ಬೇಲಿಯೊಳಗಿನ ಅಂಗಳ ಅದರದ್ದು, ತೋಟಕ್ಕೆ ಹಗ್ಗ ಹಿಡಿದೇ ಹೋಗಬೇಕು. ಕಾರಣಗಳನ್ನು ಬಿಡಿಸಿ ಹೇಳುತ್ತೇವೆ.

ಎಲ್ಲಕ್ಕಿಂತ ಅಪಾಯ ಕೃಷಿ ಹೊಂಡ. ಪ್ಲಾಸ್ಟಿಕ್ ಹಾಳೆ ಹಾಸಿದ ಇಳಿಜಾರು ಒದ್ದೆಯಾದರೆ ಕಣ್ಣಿದ್ದ ನಾಯಿಗೇ ಹತ್ತಿ ಬರಲಾಗದು. ಈಜುತ್ತಾ ಸುತ್ತಿ ಸುತ್ತಿ ಸೋತು ಮುಳುಗುತ್ತದೆ. ಮೇಲೇರಲೆಂದು ನಾರಿನ ಹಗ್ಗ, ಟಯರು ಇಳಿಬಿಟ್ಟಿರುತ್ತಾರೆ, ಒಳ್ಳೆಯದೇ. ಆದರೆ ಕಾಣದ ನಾಯಿಗೆ ಅದು ಎಲ್ಲಿದೆಯೆಂದು ಸಿಗುವುದು ಅದೃಷ್ಟದ ಮಾತು. ಬೇಲಿಯೇ ಉಪಾಯ. ಹೊಂಡದ ಸುತ್ತ ತಂತಿ ಇದ್ದರೂ ಕೆಳಗಿನ ಎಳೆ ನೆಲದಿಂದ ಒಂದಡಿ ಮೇಲಿದ್ದರೆ ಮೂಸುತ್ತಾ ಬಂದ ನಾಯಿ ಅದರಡಿ ನುಸುಳುತ್ತದೆ. ಕೆಳಗಿನ ಮೂರಡಿಗೆ ಜಾಲರಿ ಕಟ್ಟಿ, ಅದರ ಅಂಚನ್ನು ಅರ್ಧ ಅಡಿ ಮಣ್ಣಲ್ಲಿ ಹೂಳಿ. ಮುಳ್ಳುತಂತಿ ಬೇಡ, ಅದು ನೇರ ಕಣ್ಣಿನ ಮಟ್ಟಕ್ಕೇ ಬರುತ್ತದೆ.

ದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ. ಹಸಿಯದು, ಒಣಗಿದ್ದು, ನಿಮ್ಮ ಕಡೆಯ ಬೆಂಗಳೂರು ನೀಲಿ, ಎಲ್ಲವೂ ಅಷ್ಟೇ. ಇಷ್ಟು ತಿಂದರೆ ಪರವಾಗಿಲ್ಲ ಎಂಬ ಲೆಕ್ಕ ಇದಕ್ಕಿಲ್ಲ. ಕೆಲವು ನಾಯಿ ಒಂದು ಗೊಂಚಲು ತಿಂದು ಅರಗಿಸಿಕೊಳ್ಳುತ್ತವೆ, ಕೆಲವು ಹಿಡಿ ಹಣ್ಣಿಗೇ ಹಾಸಿಗೆ ಹಿಡಿಯುತ್ತವೆ. ಅದರಲ್ಲಿನ ಟಾರ್ಟಾರಿಕ್ ಆಮ್ಲ ಕಾರಣವೆಂಬುದು ಇತ್ತೀಚಿನ ತಿಳಿವಳಿಕೆ, ಅದೇ ಆಮ್ಲ ಹುಣಸೆಹಣ್ಣಿನಲ್ಲೂ ಹೇರಳವಾಗಿದೆ. ಕಣ್ಣು ಕಾಣದ ನಾಯಿ ನೆಲಕ್ಕೆ ಮೂಗು ಹಚ್ಚಿಕೊಂಡೇ ನಡೆಯುತ್ತದೆ, ಬಿದ್ದ ಹಣ್ಣು ಮೊದಲು ಸಿಗುವುದು ಅದಕ್ಕೇ. ಕಟಾವಿನ ದಿನಗಳಲ್ಲಿ ತೋಟಕ್ಕೆ ಕರೆದೊಯ್ಯಲೇಬೇಡಿ. ತಿಂದದ್ದು ಗೊತ್ತಾದರೆ ವಾಂತಿಗಾಗಿ ಕಾಯದೆ, ಸಾಧ್ಯವಾದರೆ ಎರಡು ಗಂಟೆಯೊಳಗೆ ವೈದ್ಯರ ಬಳಿ ಒಯ್ಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಇನ್ನೊಂದು ವಿಷ. ಶ್ರೀನಿವಾಸಪುರದ ಕಡೆಯವರು ಮಾವಿನ ಓಟೆಯ ಬಗ್ಗೆಯೂ ಇದೇ ಎಚ್ಚರ ವಹಿಸಬೇಕು, ನುಂಗಿದರೆ ಕರುಳಿಗೆ ಸಿಕ್ಕಿಕೊಳ್ಳುತ್ತದೆ.

ಹಿಪ್ಪುನೇರಳೆ ಕಟಾವಾದ ಮೇಲೆ ಉಳಿಯುವ ಕೂಳೆಗಳು ಓರೆಯಾಗಿ ಚೂಪಾಗಿರುತ್ತವೆ, ನಾಯಿಯ ಮುಖದ ಎತ್ತರಕ್ಕೇ ನಿಂತಿರುತ್ತವೆ. ಕಾಣದ ನಾಯಿಯ ಉಳಿದ ಕಣ್ಣೂ ಅಲ್ಲಿ ಹೋಗಬಹುದು. ಹುಳು ಸಾಕಣೆ ಮನೆಗೆ ಬಳಸುವ ಬ್ಲೀಚಿಂಗ್ ಪೌಡರು, ಸುಣ್ಣ ಕಣ್ಣನ್ನೂ ಅಂಗಾಲನ್ನೂ ಸುಡುತ್ತವೆ. ಸಾಕಣೆ ಮನೆ ತೊಳೆದು ಒಣಗುವವರೆಗೆ ಬಾಗಿಲು ಹಾಕಿಡಿ. ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷ ಬಿಡದೆ ಶುದ್ಧ ನೀರು ಹುಯ್ಯಬೇಕು, ಆಮೇಲೆ ಆಸ್ಪತ್ರೆ. ಮೈಲುತುತ್ತ ಕಲಸಿದ ಡ್ರಮ್ಮಿನ ಬಳಿ ನಿಂತ ನೀರು ಬಾಯಾರಿದ ನಾಯಿಗೆ ಮರಿಗೆಯ ನೀರಿನಂತೆಯೇ ತೋರುತ್ತದೆ, ಮುಚ್ಚಳ ಹಾಕಿ.

ತೋಟದಲ್ಲಿ ಉಣ್ಣೆಯೂ ಹೆಚ್ಚು. ಒಮ್ಮೆ ಉಣ್ಣೆ ಜ್ವರದಿಂದ ಕಣ್ಣು ಕೆಟ್ಟ ನಾಯಿಗೆ ಎರಡನೆಯ ಸಲ ಬರಬಾರದು. ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ಕೊಡುವ ಉಣ್ಣೆ ಮಾತ್ರೆಯನ್ನು ತೂಕ ನೋಡಿ ವೈದ್ಯರಿಂದ ಬರೆಸಿಕೊಳ್ಳಿ. ನಾಯಿಗೆ ಹಿಂದೆ ಎಂದಾದರೂ ಫಿಟ್ಸ್ ಬಂದಿದ್ದರೆ ಅದನ್ನು ಮೊದಲೇ ಹೇಳಿ.

ಪ್ರಶ್ನೆ: ಮನೆಯಲ್ಲಿ ಆರು ವರ್ಷದ ಮಗು, ಇನ್ನೊಂದು ನಾಯಿಯೂ ಇದೆ. ಕಾಣದ ನಾಯಿ ಬೆಚ್ಚಿ ಕಚ್ಚೀತೇ?
— ಗೌರಿಬಿದನೂರಿನ ಓದುಗರು

ಉತ್ತರ: ನಿದ್ದೆಯಲ್ಲಿದ್ದಾಗ ಅಥವಾ ತಿನ್ನುವಾಗ ಥಟ್ಟನೆ ಮುಟ್ಟಿದರೆ ಕಚ್ಚಬಹುದು, ಅದು ಅದರ ದುಷ್ಟತನವಲ್ಲ. ಮಗುವಿಗೆ ಮೂರು ನಿಯಮ ಕಲಿಸಿ: ಮೊದಲು ಹೆಸರು ಕರಿ, ಅದು ತಲೆ ತಿರುಗಿಸುವವರೆಗೆ ಕಾಯಿ, ಆಮೇಲೆ ಭುಜ ಮುಟ್ಟು, ತಲೆ ಮುಟ್ಟಬೇಡ. ಹಾಸಿಗೆಯಲ್ಲಿರುವ ನಾಯಿಯ ಬಳಿಗೆ ಮಗು ಹೋಗುವುದೇ ಬೇಡ. ಹಲ್ಲು ತಾಗಿದರೆ ಹದಿನೈದು ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ಗಾಯ ತೊಳೆದು, ನಾಯಿಗೆ ಲಸಿಕೆ ಆಗಿದ್ದರೂ ಆಸ್ಪತ್ರೆಗೆ ತೋರಿಸಿ.

ಇನ್ನೊಂದು ನಾಯಿಯ ಕೊರಳಿಗೆ ಗೆಜ್ಜೆ ಕಟ್ಟಿ, ಹೊಸ ನಾಯಿಗಲ್ಲ. ತನ್ನದೇ ಗೆಜ್ಜೆ ಸದ್ದು ಕಾಣದ ನಾಯಿಗೆ ಸುತ್ತಲಿನದನ್ನು ಕೇಳಗೊಡದು. ಊಟ ಬೇರೆ ಬೇರೆ ಕೋಣೆಯಲ್ಲಿ. ಎರಡಕ್ಕೂ ಮೊದಲ ಭೇಟಿ ಹೊರಗೆ, ಹಗ್ಗದಲ್ಲಿ, ಪಕ್ಕಪಕ್ಕ ನಡೆಯುತ್ತಾ ಆಗಲಿ. ಎದುರುಬದುರು ನಿಲ್ಲಿಸಬೇಡಿ: ಕಾಣದ ನಾಯಿ ಇನ್ನೊಂದರ ಮೈಸನ್ನೆ ಓದಲಾರದು, ಅದರ ನೆಟ್ಟ ದೃಷ್ಟಿಯನ್ನು ಹಳೆಯ ನಾಯಿ ಸವಾಲೆಂದು ತಿಳಿಯುತ್ತದೆ.

ಪ್ರಶ್ನೆ: ಗ್ಲಾಕೋಮಾದಿಂದ ಎರಡೂ ಕಣ್ಣು ಹೋಗಿವೆಯಂತೆ. ಕಣ್ಣು ತೆಗೆಸಬೇಕು ಎನ್ನುತ್ತಾರೆ. ಅದಕ್ಕಿಂತ ಶಾಂತವಾಗಿ ಕಳಿಸಿಕೊಡುವುದೇ ದಯೆ ಎಂದು ಮನೆಯವರ ವಾದ.
— ತಿಪಟೂರಿನ ಓದುಗರು

ಉತ್ತರ: ಒಪ್ಪುವುದಿಲ್ಲ. ಕುರುಡಾದ ಮೇಲೂ ಒತ್ತಡ ಏರಿದ ಕಣ್ಣು ತಲೆನೋವಿನಂತೆ ಹಗಲಿರುಳೂ ನೋಯುತ್ತದೆ. ನಾಯಿ ಕೂಗುವುದಿಲ್ಲ, ಮಂಕಾಗುತ್ತದೆ, ಹೆಚ್ಚು ಮಲಗುತ್ತದೆ, ಮುಖ ಮುಟ್ಟಗೊಡದು. ಇದನ್ನೇ ಜನ ‘ಕಣ್ಣಿಲ್ಲದ ದುಃಖ’ ಎಂದುಕೊಳ್ಳುತ್ತಾರೆ. ಕಣ್ಣು ತೆಗೆದರೆ ನೋವು ಹೋಗುತ್ತದೆ. ರೆಪ್ಪೆ ಸೇರಿಸಿ ಹೊಲಿದಿರುತ್ತಾರೆ, ಹೊಲಿಗೆಯನ್ನು ಹತ್ತರಿಂದ ಹದಿನಾಲ್ಕು ದಿನದಲ್ಲಿ ಬಿಚ್ಚುತ್ತಾರೆ. ಅಷ್ಟರೊಳಗೇ ಬಹಳ ನಾಯಿಗಳು ಮತ್ತೆ ಆಟಕ್ಕೆ ಎದ್ದಿರುತ್ತವೆ. ಮೂಗೂ ಕಿವಿಯೂ ನೆಟ್ಟಗಿರುವ ನಾಯಿಗೆ ಕಣ್ಣಿನ ನಷ್ಟ ಮನುಷ್ಯರಿಗಿದ್ದಷ್ಟು ದೊಡ್ಡದಲ್ಲ. ಇನ್ನೊಂದು ಕಣ್ಣು ಕಾಣುತ್ತಿರುವ ನಾಯಿಯಲ್ಲಿ ಒಂದು ಕಣ್ಣು ಥಟ್ಟನೆ ಕೆಂಪಾಗಿ ಉಬ್ಬಿದರೆ ಅದೇ ದಿನ ಹೋಗಬೇಕು, ದೃಷ್ಟಿ ಉಳಿಯುವ ಅವಧಿ ಗಂಟೆಗಳ ಲೆಕ್ಕದ್ದು.

ಪ್ರಶ್ನೆ: ಕಾಣದ ನಾಯಿಯ ಮೂಗು ಗೋಡೆಗೆ ಬಡಿಯದಂತೆ ತಲೆಯ ಮುಂದೆ ಬಳೆಯಂತೆ ಚಾಚುವ ಪಟ್ಟಿ ಆನ್‌ಲೈನಿನಲ್ಲಿ ದುಬಾರಿ. ಮನೆಯಲ್ಲೇ ಮಾಡಬಹುದೇ?
— ಚಿಕ್ಕಬಳ್ಳಾಪುರದ ಓದುಗರು

ಉತ್ತರ: ಮಾಡಬಹುದು, ಸಾಮಾನು ನಿಮ್ಮ ಊರಿನ ಡ್ರಿಪ್ (ಹನಿ ನೀರಾವರಿ) ಅಂಗಡಿಯಲ್ಲೇ ಇದೆ. ಹದಿನೈದು ಕಿಲೋ ಆಸುಪಾಸಿನ ನಾಯಿಗೆ 16 ಮಿ.ಮೀ. ಲ್ಯಾಟರಲ್ ಪೈಪು, ಸಣ್ಣದಕ್ಕೆ 12 ಮಿ.ಮೀ. ತೂತಿಲ್ಲದ ಪೈಪು ಕೇಳಿ. ಜೊತೆಗೆ ಎರಡು ಎಂಡ್ ಕ್ಯಾಪು, ಹತ್ತು ಪ್ಲಾಸ್ಟಿಕ್ ಟೈ, ಬೆನ್ನ ಮೇಲೆ ಅಗಲ ಪಟ್ಟಿಯಿರುವ ಎದೆಪಟ್ಟಿ ಒಂದು. ನಾಯಿಯನ್ನು ನೇರ ನಿಲ್ಲಿಸಿ ಭುಜದಿಂದ ಮೂಗಿನ ತುದಿಗೆ ಅಳೆಯಿರಿ. 35 ಸೆಂ.ಮೀ. ಬಂತೆನ್ನಿ. ಅದಕ್ಕೆ ಮೂಗಿನ ಮುಂದೆ ಬಿಡುವ 6 ಸೆಂ.ಮೀ. ಸೇರಿಸಿ ಎರಡರಷ್ಟು ಮಾಡಿ, ಭುಜಗಳ ಅಗಲಕ್ಕಿಂತ ತುಸು ಹೆಚ್ಚು (ಇಲ್ಲಿ 28 ಎನ್ನಿ) ಕೂಡಿಸಿ: ಸುಮಾರು 110 ಸೆಂ.ಮೀ. ಮೊದಲು 125 ಕತ್ತರಿಸಿ, ಕೂರಿಸಿ ನೋಡಿ ಆಮೇಲೆ ಮೊಟಕು ಮಾಡಿ. ಗಿಡ್ಡವಾದರೆ ಮೂಗೇ ಮೊದಲು ಬಡಿಯುತ್ತದೆ, ಉದ್ದವಾದರೆ ತಿರುಗುವಾಗ ಬಾಗಿಲಿಗೆ ಸಿಕ್ಕಿಕೊಳ್ಳುತ್ತದೆ.

ಪೈಪಿನ ಎರಡು ತುದಿಗಳಿಗೆ ಕ್ಯಾಪು ಹಾಕಿ, ಎದೆಪಟ್ಟಿಯ ಎರಡೂ ಬದಿಗೆ ಐದೈದು ಸೆಂ.ಮೀ. ಅಂತರದಲ್ಲಿ ಎರಡೆರಡು ಟೈ ಬಿಗಿಯಿರಿ. ಒಂದೇ ಟೈ ಹಾಕಿದರೆ ಪೈಪು ತಿರುಗಿ ಕೆಳಗೆ ಜೋತುಬೀಳುತ್ತದೆ, ಹೆಚ್ಚಿನವರು ಸೋಲುವುದು ಇಲ್ಲೇ. ಬಳೆ ಮೂಗಿನ ಎತ್ತರಕ್ಕೆ ನಿಲ್ಲಬೇಕು. ಇನ್ನೂ ಬಾಗಿದರೆ ಬೆನ್ನ ಪಟ್ಟಿಯಿಂದ ಎರಡೂ ಬದಿಗೆ ತೆಳು ದಾರ ಎಳೆದು ಕಟ್ಟಿ. ಟೈಗಳ ಕತ್ತರಿಸಿದ ಚೂಪು ತುದಿ ಹೊರಮುಖವಾಗಿರಲಿ, ಮೇಲೆ ಬಟ್ಟೆ ಸುತ್ತಿ. ಮೊದಲ ದಿನ ಐದು ನಿಮಿಷ, ತಿನಿಸಿನ ಜೊತೆಗೆ. ಒಂದು ವಾರದಲ್ಲಿ ಅರ್ಧ ಗಂಟೆಗೆ ಏರಿಸಿ. ಮಲಗುವಾಗ, ತಿನ್ನುವಾಗ, ಮನೆಯಲ್ಲಿ ಯಾರೂ ಇಲ್ಲದಾಗ ತೆಗೆದಿಡಿ. ಕಂಕುಳಲ್ಲಿ ಕೂದಲು ಉದುರಿದೆಯೇ, ಚರ್ಮ ಕೆಂಪಾಗಿದೆಯೇ ಎಂದು ದಿನವೂ ಬೆರಳಾಡಿಸಿ ನೋಡಿ. ಹೊಸ ಜಾಗಕ್ಕೆ ಹೋದಾಗ ಈ ಬಳೆ ತುಂಬ ಸಹಾಯ. ಮನೆಯೊಳಗೆ ನಾಯಿ ದಾರಿ ಕಲಿತ ಮೇಲೆ ಹಲವಕ್ಕೆ ಅದು ಬೇಕಾಗುವುದೇ ಇಲ್ಲ.